ತಿರುಗೋ ಕುರ್ಚಿಯ ಕಳ್ಳ

ನನ್ನ ಗಂಡ ಕದ್ದುಮುಚ್ಚಿ ಕಾದಂಬರಿ ಬರೆಯುತ್ತಿದ್ದಾರೆ ಎಂದು ಕಂಡುಹಿಡಿಯಲು ನನಗೆ ಒಂದು ಊಟದ ಹೊತ್ತು ಸಾಕಾಯಿತು. ಅಂಗಿಯ ತೋಳಿನ ತುದಿಗೆ ಇಂಕು ಮೆತ್ತಿತ್ತು. ಕಣ್ಣು ತಟ್ಟೆಯ ಮೇಲಿರಲಿಲ್ಲ. ತುತ್ತನ್ನು ಕೈಯಲ್ಲೇ ಹಿಡಿದುಕೊಂಡು, “ಕಟಿಂಗ್ ಶಾಪಿನ ತಿರುಗೋ ಕುರ್ಚಿನ ಒಬ್ಬನೇ ಎತ್ಕೊಂಡು ಹೋಗೋಕಾಗುತ್ತಾ?” ಎಂದು ಎದುರಿನ ಗೋಡೆಯನ್ನು ಕೇಳಿದರು.

“ಕದಿಯೋಕೋ, ಬರೆಯೋಕೋ?” ಎಂದೆ.

ಅವರಿಗೆ ನೆತ್ತಿಗೇರಿತು. ನೀರು ಕೊಟ್ಟು, ತಲೆ ತಟ್ಟಿ, ಕೆಮ್ಮು ನಿಂತ ಮೇಲೆ, “ಪತ್ತೇದಾರಿ ಕಾದಂಬರಿ ಕಣೇ. ಯಾರಿಗೂ ಹೇಳ್ಬೇಡ,” ಎಂದರು. ನಾನು ಯಾರಿಗೂ ಹೇಳಲಿಲ್ಲ. ಸಾಯಂಕಾಲದೊಳಗೆ ಅವರೇ ಹೋಗಿ ಬೇಕರಿಯವನಿಗೆ ಹೇಳಿ ಬಂದರು. ಬೇಕರಿಯವನಿಗೆ ಹೇಳುವುದೂ ಒಂದೇ, ಊರಲ್ಲಿ ಡಂಗುರ ಸಾರುವುದೂ ಒಂದೇ.

ಇವರು ಮೊದಲು ಬಸ್ ನಿಲ್ದಾಣದ ಮೈಕಿನಲ್ಲಿದ್ದವರು. ಯಾವ ಬಸ್ಸು ಎಲ್ಲಿಗೆ, ಯಾರ ಚೀಲ ಯಾವ ಬೆಂಚಿನ ಮೇಲೆ, ಯಾರ ಮಗು ಯಾರ ಮಡಿಲಲ್ಲಿ ಕೂತು ಅಳುತ್ತಿದೆ ಎಂದು ಊರಿಗೆ ಹೇಳುತ್ತ ಹೇಳುತ್ತಲೇ ತಲೆ ನರೆಸಿಕೊಂಡರು. ಊರಿನವರ ಬಾಯಲ್ಲಿ ಇವರು ಮೈಕಣ್ಣ. ನಿವೃತ್ತರಾದ ಮೇಲೂ ಮನೆಯಲ್ಲಿ ಅದೇ ಗತ್ತು. ಸ್ನಾನಕ್ಕೆ ಬಿಸಿನೀರು ಬೇಕಾದರೂ “ದಯವಿಟ್ಟು ಗಮನಿಸಿ” ಎಂದೇ ಶುರು. ನಾನು ಗಮನಿಸುವುದಿಲ್ಲ, ಆ ಮಾತು ಬೇರೆ.

ನನ್ನದು ಹಾಸಿಗೆ ದಿಂಬಿನ ಅಂಗಡಿ. ಅತ್ತೆಯಿಂದ ನನ್ನ ಕೈಗೆ ಬಂದದ್ದು. ಅಂಗಡಿ ಮುಂದೆ, ಮನೆ ಹಿಂದೆ, ನಡುವೆ ಒಂದು ಪರದೆ. ಹತ್ತಿ ತುಂಬಿದ ಹಾಸಿಗೆಯನ್ನು ನೆಲದ ಮೇಲೆ ಹರಡಿ ಸುತ್ತಲೂ ಹೆಂಗಸರು ಕೂತುಕೊಳ್ಳುತ್ತೇವೆ. ದಬ್ಬಳವನ್ನು ಮೇಲಿನಿಂದ ಚುಚ್ಚಿ, ಕೆಳಗಿನಿಂದ ಎಳೆದು, ಗಂಟು ಬಿಗಿಯುತ್ತ ಅಂಚಿನಿಂದ ನಡುವಿಗೆ ಬರುತ್ತೇವೆ. ಈ ಕೆಲಸಕ್ಕೆ ಕೈ ಬೇಕು, ಕಣ್ಣು ಬೇಕು, ಕಿವಿ ಬೇಡ. ಕಿವಿ ಖಾಲಿ ಬಿಟ್ಟರೆ ಬಾಯಿ ಜಗಳಕ್ಕೆ ಹೋಗುತ್ತದೆ ಎಂದು ನಮ್ಮತ್ತೆ ಒಂದು ಪದ್ಧತಿ ಮಾಡಿದ್ದರು. ಮಧ್ಯಾಹ್ನದ ಊಟವಾದ ಮೇಲೆ ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ಹೊಲಿಯಬೇಕು. ಪೇಪರಾದರೂ ಸರಿ, ವಾರಪತ್ರಿಕೆಯಾದರೂ ಸರಿ, ಏನೂ ಸಿಗದಿದ್ದರೆ ಕೆಮ್ಮಿನ ಔಷಧಿಯ ಬಾಟಲಿಯ ಮೇಲಿರುವುದಾದರೂ ಸರಿ. ಅತ್ತೆ ಹೋದರು, ಪದ್ಧತಿ ಹೋಗಲಿಲ್ಲ. ಓದುವವಳು ನನ್ನ ನಾದಿನಿ, ಅಂದರೆ ಇವರ ತಂಗಿ. ಅವಳ ಕನ್ನಡಕದ ಕಡ್ಡಿ ಮುರಿದ ದಿನ ಇವರು ಗಂಟಲು ಸರಿಮಾಡಿಕೊಳ್ಳುತ್ತ ಪರದೆ ಸರಿಸಿ ಹೊರಗೆ ಬಂದರು. ಕಂಕುಳಲ್ಲಿ ಕಾಗದದ ಕಟ್ಟು.

“ನಾನು ಓದ್ಲಾ? ಹೊಸಾದು,” ಎಂದರು. ಮದುವೆ ಗಂಡಿನ ಹಾಗೆ ಮುಖ ಕೆಂಪಾಗಿತ್ತು.

ಕಥೆ ಹೀಗಿತ್ತು. ಒಂದು ಸಣ್ಣ ಊರು. ಒಂದು ಬೆಳಗ್ಗೆ ಕಟಿಂಗ್ ಶಾಪಿನವನು ಬಂದು ಬಾಗಿಲು ತೆಗೆದರೆ ಒಳಗೆ ತಿರುಗೋ ಕುರ್ಚಿ ಇಲ್ಲ. ಕನ್ನಡಿ ಇದೆ, ಕತ್ತರಿ ಇದೆ, ಪೌಡರ್ ಡಬ್ಬಿ ಇದೆ. ಕುರ್ಚಿ ಇದ್ದ ಜಾಗದಲ್ಲಿ ಬೋಲ್ಟಿನ ತೂತು ಮಾತ್ರ. ಬಾಗಿಲಿಗೆ ಹಾಕಿದ ಬೀಗ ಹಾಕಿದ ಹಾಗೇ ಇದೆ. ಹಾಗಾದರೆ ಕದ್ದವರು ಯಾರು? ಅಷ್ಟು ಭಾರದ ಕುರ್ಚಿಯನ್ನು ಕದ್ದು ಮಾಡುವುದಾದರೂ ಏನು? ಇಷ್ಟು ಓದಿ ಇವರು ಎದ್ದರು. ಸಂಜೆಯೊಳಗೆ ಅರ್ಧ ಊರು ಕಟಿಂಗ್ ಶಾಪಿಗೆ ಹೋಗಿ ನಿಜವಾದ ಕುರ್ಚಿ ಇದೆಯೋ ಇಲ್ಲವೋ ಎಂದು ಇಣುಕಿ ನೋಡಿ ಬಂತು. ಅದು ತನ್ನ ಜಾಗದಲ್ಲೇ ಭದ್ರವಾಗಿ ಕೂತಿತ್ತು.

ಶುರು ಚೆನ್ನಾಗಿಯೇ ಇತ್ತು. ಕಟಿಂಗ್ ಶಾಪಿನವನು ಕಾಲೆಳೆದುಕೊಂಡು ಬಂದು ಕಂಪ್ಲೇಂಟ್ ಕೊಟ್ಟ. ಆಮೇಲೆ ಇನ್ಸ್‌ಪೆಕ್ಟರು ಬಂದರು. ಬಂದವರು ಟೀ ಕುಡಿದರು. ಮರುದಿನದ ಓದಿನಲ್ಲೂ ಟೀ ಕುಡಿದರು. ಅದರ ಮರುದಿನ ಟೀ ಆರಿದೆ ಎಂದು ಇನ್ನೊಂದು ತರಿಸಿದರು. ಒಂದು ಅಧ್ಯಾಯದ ಕೊನೆಗೆ ಭಾರೀ ಸುಳಿವು ಸಿಕ್ಕಿತು: ಕಟಿಂಗ್ ಶಾಪಿನ ನೆಲದ ಮೇಲೆ ಒಂದು ಕೂದಲು!

ನಾದಿನಿ ದಬ್ಬಳ ಕೆಳಗಿಟ್ಟಳು. “ಅಣ್ಣಾ, ಕಟಿಂಗ್ ಶಾಪಲ್ಲಿ ಕೂದಲು ಸಿಗದೆ ಮುತ್ತು ರತ್ನ ಸಿಗುತ್ತಾ? ನಿನ್ನ ಇನ್ಸ್‌ಪೆಕ್ಟರು ಆ ಹೊಸ್ತಿಲು ದಾಟೋ ಹೊತ್ತಿಗೆ ನಾವು ಈ ಹಾಸಿಗೆ ಮುಗಿಸಿ, ಅದರ ಮೇಲೆ ಮಲಗಿ ಎದ್ದಿರ್ತೀವಿ.”

“ಪತ್ತೇದಾರಿ ಅಂದ್ರೆ ನಿಧಾನವಾಗಿ ಬೇಯಬೇಕು,” ಎಂದರು ಇವರು.

“ಬೇಯ್ಲಿ ಅಣ್ಣಾ, ಬೇಡ ಅನ್ನಲ್ಲ. ಒಲೆ ಹಚ್ಚಿದೀಯೋ ಇಲ್ವೋ ಅದನ್ನಾದರೂ ನೋಡು.”

ನಕ್ಕೂ ನಕ್ಕೂ ನಮ್ಮ ಹೊಲಿಗೆ ಸೊಟ್ಟಗಾಯಿತು. ಆದರೂ ಯಾರೂ ನಿಲ್ಲಿಸಿ ಎನ್ನಲಿಲ್ಲ. ಯಾಕೆಂದರೆ ಕಥೆಯೊಳಗೆ ಇದ್ದದ್ದು ನಮ್ಮೂರೇ. ಬೇಕರಿಯವನು ಬನ್ನನ್ನು ಕೊಡುವ ಮೊದಲು ಒಮ್ಮೆ ಕಿವಿಯ ಹತ್ತಿರ ಹಿಡಿದು ಒತ್ತಿ ನೋಡುವುದು, ಆಸ್ಪತ್ರೆಯ ಕಾಂಪೌಂಡರು ಎದುರಿಗೆ ಸಿಕ್ಕವರಿಗೆಲ್ಲ ನಾಲಗೆ ಚಾಚಿ ಎನ್ನುವುದು, ಸಂತೆಯ ಕುಂಟು ನಾಯಿ ಕುಂಟುವುದು ಜನ ನೋಡುತ್ತಿರುವಾಗ ಮಾತ್ರ ಎನ್ನುವುದು, ಎಲ್ಲವೂ ಹಾಗೆ ಹಾಗೇ ಇತ್ತು. ಇಷ್ಟು ವರ್ಷ ಇವರು ಮೈಕಿನ ಕಿಟಕಿಯಲ್ಲಿ ಕೂತು ಬಸ್ಸು ಮಾತ್ರ ನೋಡುತ್ತಿದ್ದರು ಎಂದುಕೊಂಡಿದ್ದೆ. ಊರನ್ನೇ ನೋಡಿದ್ದರು.

ಸುದ್ದಿ ಹಬ್ಬಿ ಜನ ಅಂಗಡಿಯ ಮೆಟ್ಟಿಲ ಮೇಲೆ ಬಂದು ಕೂರತೊಡಗಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ಮೊದಲು ಬಂದವನು ಬೇಕರಿಯವನು. “ಮೈಕಣ್ಣ, ನನ್ನ ಮೇಲೆ ಅನುಮಾನ ಬರೋ ಹಾಗೆ ಬರೆದಿದೀರಂತೆ. ನಾನೇನು ನಿಮಗೆ ಅಂಥೋನಾ?” ಎಂದು ಕೂಗಾಡಿ, ಅಂದಿನ ಓದು ಮುಗಿಯುವವರೆಗೂ ಮೂಗು ಊದಿಸಿಕೊಂಡು ಕೂತ. ಮರುದಿನದ ಅಧ್ಯಾಯದಲ್ಲಿ ಅನುಮಾನ ಕಾಂಪೌಂಡರ ಕಡೆ ತಿರುಗಿತು. ಆಗ ನೋಡಬೇಕಿತ್ತು ಬೇಕರಿಯವನ ಮುಖ! “ಇಷ್ಟೇನಾ? ಒಂದೇ ಅಧ್ಯಾಯಕ್ಕೆ ನನ್ನ ಬಿಟ್ಟುಬಿಟ್ರಾ?” ಎಂದು ಅಳುವುದೊಂದು ಬಾಕಿ. ಆವತ್ತಿನಿಂದ ದಿನವೂ ಬಿಸಿ ಬನ್ನಿನ ಪೊಟ್ಟಣ ಬರತೊಡಗಿತು. “ಕೊನೆಗೆ ನಾನೇ ಅಂತ ಆದ್ರೂ ಪರವಾಗಿಲ್ಲ ಅಣ್ಣ. ನಂಗೇನೂ ಬೇಜಾರಿಲ್ಲ,” ಎಂದು ಇವರ ಕಿವಿಯಲ್ಲಿ ಉಸುರುತ್ತಿದ್ದ.

ಕಾಂಪೌಂಡರು ಬಿಡುತ್ತಾರೆಯೇ? ಕುರ್ಚಿ ಕದಿಯಲು ತಮಗಿರುವ ಕಾರಣವನ್ನು ಅವರು ತಾವೇ ಯೋಚಿಸಿಕೊಂಡು ಬಂದಿದ್ದರು. ಹಲ್ಲು ಕೀಳಲು ಆಸ್ಪತ್ರೆಯಲ್ಲಿ ಅಂಥದ್ದೊಂದು ಕುರ್ಚಿ ಬೇಕಿತ್ತಂತೆ. “ನನ್ನಲ್ಲಿ ಒಂದು ಉದ್ದೇಶ ಇದೆ. ಬೇಕರಿಯವನ ಹತ್ರ ಏನಿದೆ? ಬನ್ನು!” ಎಂದು ಅವರ ವಾದ. ಕಳ್ಳನಾಗುವುದಕ್ಕೂ ಯೋಗ್ಯತೆ ಬೇಕು ಎಂದು ಮೆಟ್ಟಿಲ ಮೇಲೆ ಇಬ್ಬರೂ ಕಿತ್ತಾಡಿದರು. ಕಟಿಂಗ್ ಶಾಪಿನವನು ಮಾತ್ರ ಕಂಬಕ್ಕೆ ಒರಗಿ ನಿಂತು ಸುಮ್ಮನೆ ನಗುತ್ತಿದ್ದ. ಅವನ ಹೆಂಡತಿ ನಮ್ಮಲ್ಲೇ ಹೊಲಿಗೆಗೆ ಬರುವವಳು. ಮಾತು ಅಷ್ಟು ಮೆಲ್ಲಗೆ, ಅದಕ್ಕೇ ನಾವೆಲ್ಲ ಅವಳನ್ನು ಮೆಲ್ಲಕ್ಕ ಎನ್ನುತ್ತೇವೆ. ಅವಳೂ ತಲೆ ತಗ್ಗಿಸಿ ಹೊಲಿಯುತ್ತಿದ್ದಳು.

ಇಷ್ಟೆಲ್ಲ ಸಂತೋಷದ ನಡುವೆ ನನ್ನ ಹೊಟ್ಟೆಯಲ್ಲಿ ಒಂದು ಕಿಡಿ ಬಿದ್ದಿತ್ತು. ಹೇಳಿಯೇಬಿಡುತ್ತೇನೆ: ಆ ಪುಸ್ತಕದಲ್ಲಿ ನಾನಿರಲಿಲ್ಲ.

ಮೊದಮೊದಲು, ಬರುತ್ತೇನೆ ಬಿಡು, ಎಂದುಕೊಂಡೆ. ಊರಿನ ಬೀದಿ ಬೀದಿ ಸುತ್ತಿ ಬಂದರೂ ಕಥೆ ನಮ್ಮ ಅಂಗಡಿಯ ಮುಂದೆ ನಿಲ್ಲಲಿಲ್ಲ. ಸೈಕಲ್ ಪಂಕ್ಚರಿನವನು ಬಂದ. ಹಾಲಿನ ವ್ಯಾನು ಬಂತು. ಕುಂಟು ನಾಯಿಗೆ ಎರಡು ಪೂರ್ತಿ ಅಧ್ಯಾಯ! ಕಟಿಂಗ್ ಶಾಪಿನವನು ಅದನ್ನು ಸಂತೆಯ ತುಂಬಾ ಅಟ್ಟಿಸಿಕೊಂಡು ಓಡುವ ಭಾಗವನ್ನು ಇವರು ಎಷ್ಟು ಚೆನ್ನಾಗಿ ಓದಿದರೆಂದರೆ ಮೆಟ್ಟಿಲ ಮೇಲಿದ್ದವರು ಎದ್ದು ನಿಂತು ಚಪ್ಪಾಳೆ ಹೊಡೆದರು. ನಾನು ಹೊಡೆಯಲಿಲ್ಲ. ಇವರ ಅಂಗಿಯ ಗುಂಡಿ ಹಾಕಿದವಳು ನಾನು, ಜ್ವರ ಬಂದಾಗ ಕೂತವಳು ನಾನು, ಬರೆಯಲೆಂದು ಮಾಳಿಗೆಯ ಕೋಣೆ ಗುಡಿಸಿ ಕೊಟ್ಟವಳೂ ನಾನು. ನಾಯಿಗೆ ಇದ್ದ ಯೋಗ್ಯತೆ ನನಗಿಲ್ಲವಾಯಿತೇ? ಊರಿಗೆ ಉಪಕಾರಿ, ಮನೆಗೆ ಮಾರಿ! ಕೇಳಬಹುದಿತ್ತು. ಕೇಳಿ ಪಡೆಯುವ ಜಾಯಮಾನ ನನ್ನದಲ್ಲ. ಅದರ ಬದಲು ಟೀಗೆ ಸಕ್ಕರೆ ಕಡಿಮೆ ಮಾಡಿದೆ.

ನಾದಿನಿಗೆ ನನ್ನ ಮುಖ ನೋಡಿಯೇ ಗೊತ್ತಾಯಿತು. “ಅತ್ತಿಗೆ, ನಿಮಗೆ ಅರ್ಥ ಆಗ್ಲಿಲ್ವಾ? ಅಣ್ಣ ನಿಮ್ಮನ್ನ ಕೊನೆಗೆ ಅಂತ ಬಚ್ಚಿಟ್ಕೊಂಡಿದಾನೆ. ಕಳ್ಳಿ ನೀವೇ!” ಎಂದು ನನ್ನ ಸೊಂಟ ತಿವಿದಳು.

“ಥೂ, ಹೋಗೇ,” ಎಂದೆನಾದರೂ ಆ ಮಾತು ಒಳಗೆ ಹೋಗಿ ಬೆಚ್ಚಗೆ ಕೂತಿತು. ಹೌದಲ್ಲ? ಪತ್ತೇದಾರಿಯಲ್ಲಿ ಯಾರ ಮೇಲೆ ಅನುಮಾನವೇ ಇಲ್ಲವೋ ಅವರೇ ತಾನೆ ಕೊನೆಗೆ ಸಿಕ್ಕಿಬೀಳುವುದು? ನಾನು ಕುರ್ಚಿ ಯಾಕೆ ಕದ್ದಿರಬಹುದು ಎಂದು ಅಡುಗೆ ಮಾಡುತ್ತ ಯೋಚಿಸತೊಡಗಿದೆ. ಟೀಗೆ ಸಕ್ಕರೆ ಮತ್ತೆ ಮೊದಲಿನಷ್ಟಾಯಿತು.

ಭಾನುವಾರ ಮಧ್ಯಾಹ್ನ ಕೊನೆಯ ಅಧ್ಯಾಯ ಎಂದು ಇವರು ಊರಿಗೆಲ್ಲ ಹೇಳಿದ್ದರು. ಆವತ್ತು ಬೆಳಗ್ಗೆ ನಾನು ಇದ್ದುದರಲ್ಲೇ ಒಳ್ಳೆಯ ಸೀರೆ ಉಟ್ಟೆ. ಹಿತ್ತಲಿಗೆ ಹೋಗಿ ನೋಡಿದರೆ ಇವರು ಹತ್ತಿಯ ಮೂಟೆಯ ಮೇಲೆ ಕೂತು ಪೆನ್ನಿನ ಮುಚ್ಚಳ ಕಚ್ಚುತ್ತಿದ್ದಾರೆ. ಮುಖ ಬಿಳಿಚಿತ್ತು.

“ಯಾರು ಕದ್ದಿದ್ದು ಅಂತ ನಂಗೇ ಗೊತ್ತಿಲ್ಲ ಕಣೇ,” ಎಂದರು.

“ಬರೆದೋರು ನೀವಲ್ವೇನ್ರೀ!”

“ಬರೀತಾ ಬರೀತಾ ಗೊತ್ತಾಗುತ್ತೆ ಅಂದ್ಕೊಂಡಿದ್ದೆ. ಬೇಕರಿಯವನನ್ನ ಮಾಡೋಣ ಅಂತ ಕೂತೆ. ನನ್ನ ಕಾಲು ಮುರಿದಾಗ ಹೆಗಲು ಕೊಟ್ಟು ಆಸ್ಪತ್ರೆಗೆ ಕರ್ಕೊಂಡು ಹೋದೋನು ಅವನು, ಕೈ ಬರಲಿಲ್ಲ. ಕಾಂಪೌಂಡರನ್ನ ಮಾಡೋಣ ಅಂದ್ರೆ, ಅಮ್ಮನ ಕೊನೇ ದಿನ ಅವಳ ಕೈ ಹಿಡ್ಕೊಂಡು ಕೂತಿದ್ದೋರು ಅವರು. ಪಂಕ್ಚರಿನವನು ಪಾಪದೋನು. ಈ ಊರಲ್ಲಿ ಕಳ್ಳ ಅನ್ನೋಕೆ ಒಬ್ಬನೂ ಸಿಗ್ತಿಲ್ಲ.”

ನಾನು ಸೆರಗು ಸರಿಮಾಡಿಕೊಂಡೆ. “ನಾನು ಆಗಬಾರ್ದಾ?”

“ನೀನಾ?” ಇವರು ತಲೆಯೆತ್ತಿ, ನಿಜವಾಗಲೂ ಆಶ್ಚರ್ಯಪಟ್ಟು ನನ್ನನ್ನು ನೋಡಿದರು. “ನೀನು ಕತೇಲೇ ಇಲ್ವಲ್ಲೇ.”

ಇಲ್ಲ ಎಂದು ನನಗೆ ಗೊತ್ತಿತ್ತು. ಅವರ ಬಾಯಿಂದ ಕೇಳಿದಾಗ ಕೆನ್ನೆಗೆ ಹೊಡೆದ ಹಾಗಾಯಿತು. “ಏನಾದ್ರೂ ಮಾಡ್ಕೊಳ್ಳಿ,” ಎಂದು ಒಳಗೆ ಬಂದು, ಸೀರೆ ಬದಲಿಸಿ, ಕೋಲು ತೆಗೆದುಕೊಂಡು ಹಳೆಯ ಹಾಸಿಗೆಯ ಹತ್ತಿಯನ್ನು ಬಡಿಯತೊಡಗಿದೆ. ಅಷ್ಟು ಚೆನ್ನಾಗಿ ಹತ್ತಿ ಅರಳಿದ್ದು ನಾನು ಬೇರೆ ಯಾವತ್ತೂ ನೋಡಿಲ್ಲ.

ಮಧ್ಯಾಹ್ನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ದಿಂಬಿನ ರಾಶಿಯ ಮೇಲೆಲ್ಲ ಜನ. ಬೇಕರಿಯವನು ಇಸ್ತ್ರಿ ಅಂಗಿ ಹಾಕಿಕೊಂಡು, ಕಾಂಪೌಂಡರು ಮೀಸೆಗೆ ಬಣ್ಣ ಹಚ್ಚಿಕೊಂಡು, ಇಬ್ಬರೂ ಬಹುಮಾನ ವಿತರಣೆಗೆ ಬಂದ ಹಾಗೆ ಮುಂದಿನ ಸಾಲಿನಲ್ಲಿ ಕೂತಿದ್ದರು. ಭಾನುವಾರವಾದರೂ ನಾವು ಹೆಂಗಸರು ಒಂದು ಹಾಸಿಗೆ ಹಾಸಿಕೊಂಡು ಹೊಲಿಯಲು ಕೂತೆವು. ಕೈ ಖಾಲಿ ಇದ್ದರೆ ನಮಗೆ ಕೇಳಿಸುವುದೇ ಇಲ್ಲ. ನಾನು ಇವರ ಕಡೆ ಬೆನ್ನು ಮಾಡಿ ಕೂತೆ.

ಇವರು ಓದಿದರು. ಇನ್ಸ್‌ಪೆಕ್ಟರು ಊರಿನವರನ್ನೆಲ್ಲ ಒಂದು ಕಡೆ ಸೇರಿಸಿದರು. ಟೀ ಕುಡಿದರು. ಒಬ್ಬೊಬ್ಬರ ಮುಖವನ್ನೂ ನೋಡಿದರು. “ಕಳ್ಳ ಇಲ್ಲೇ ಇದ್ದಾನೆ” ಎಂದರು. “ಅವನು ಬೇರೆ ಯಾರೂ ಅಲ್ಲ” ಎಂದರು. ಅಲ್ಲಿಗೆ ದನಿ ನಿಂತಿತು.

ಕಾಯ್ದೆವು. ಕಾಗದ ಮಗುಚುವ ಸದ್ದು. ಮತ್ತೆ ಕಾಯ್ದೆವು.

“ಅಷ್ಟೇ,” ಎಂದರು ಇವರು. “ಕೊನೆ ಇಲ್ಲ. ನಂಗೆ ಬರೆಯೋಕಾಗ್ಲಿಲ್ಲ. ಎಲ್ಲರೂ ಕ್ಷಮಿಸ್ಬೇಕು.”

“ಅಣ್ಣ, ನನ್ನನ್ನೇ ಮಾಡಿ ಅಂದ್ನಲ್ಲ!” ಎಂದು ಬೇಕರಿಯವನು ಎದ್ದ. “ಏಯ್, ಕೂತ್ಕೊಳ್ಳೋ, ಉದ್ದೇಶ ನಂದು,” ಎಂದು ಕಾಂಪೌಂಡರು ಅವನ ಅಂಗಿ ಎಳೆದರು. ಯಾರೋ ಹಿಂದಿನಿಂದ, “ಬೆಟ್ಟ ಅಗೆದು ಇಲಿ ಹಿಡೀತಾರೆ ಅಂತಾರೆ, ಇಲ್ಲಿ ಇಲೀನೂ ಇಲ್ಲ!” ಎಂದು ನಕ್ಕರು. ನಗು ಹಬ್ಬಿತು. ನಾನು ತಿರುಗಿ ನೋಡಿದೆ. ಇವರು ಕಾಗದಗಳನ್ನು ಜೋಡಿಸುತ್ತಿದ್ದರು, ಮೊದಲ ಪುಟ ಕೊನೆಗೆ, ಕೊನೆಯದು ನಡುವಿಗೆ. ನನ್ನ ಕೋಪ ಎಲ್ಲಿ ಹೋಯಿತೋ! ನನ್ನ ಗಂಡನನ್ನು ನಾನು ಬೈಯಬಹುದು, ಊರು ನಗಬಾರದು.

“ರೀ,” ಎಂದೆ. “ಬೀಗ ಮುರಿದಿರಲಿಲ್ಲ ಅಂತ ಓದಿದ್ರಿ. ಆ ಬೀಗಕ್ಕೆ ಕೀಲಿಕೈ ಎಷ್ಟು?”

ನಗು ತಗ್ಗಿತು. “ಎರಡು,” ಎಂದರು ಇವರು. “ಒಂದು ಅವನ ಜೇಬಲ್ಲಿ.”

“ಇನ್ನೊಂದು?”

“ಅವನ ಮನೇಲಿ, ಮೊಳೆಗೆ ನೇತುಹಾಕಿರುತ್ತೆ.”

“ಮನೇಲಿ ಯಾರಿದ್ರು?”

ಇವರು ಹಾಳೆಗಳನ್ನು ಹಿಂದಕ್ಕೆ ಮಗುಚಿ ನೋಡಿದರು. “ಮನೇಲಿ... ಯಾರನ್ನೂ ಬರೆದಿಲ್ಲ.”

“ಅವನ ಹೆಂಡತಿ?”

“ಬರೆದಿಲ್ಲ.”

“ಬೇಕರಿಯವನ ಹೆಂಡತಿ? ಕಾಂಪೌಂಡರ ಮನೆಯವರು?”

ಇವರು ಮೆಲ್ಲಗೆ ತಲೆ ಅಲ್ಲಾಡಿಸಿದರು. ನಾದಿನಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. “ಅಯ್ಯೋ ಅಣ್ಣಾ! ಊರು ಪೂರ್ತಿ ಗಂಡಸರೇ! ಇಷ್ಟು ದಿನ ಅವರಿಗೆಲ್ಲ ಊಟಕ್ಕೆ ಯಾರು ಹಾಕಿದ್ರು, ಆ ಇನ್ಸ್‌ಪೆಕ್ಟರಾ?”

ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ನಗಲಿಲ್ಲ. “ಇಡೀ ಊರನ್ನ ವಿಚಾರಿಸಿದ್ರಿ. ನಾಯಿನೂ ಬಿಡಲಿಲ್ಲ. ಕುರ್ಚಿ ಯಾರದೋ ಅವನ ಹೆಂಡತೀನ ಒಂದು ಮಾತು ಕೇಳಿದ್ರಾ?”

ಆಗ ನಮ್ಮ ನಡುವಿನಿಂದ ಒಂದು ಸಣ್ಣ ದನಿ ಬಂತು.

“ನಾನೇ ತಗೊಂಡು ಹೋದೆ.”

ಮೆಲ್ಲಕ್ಕ. ತಲೆಯನ್ನೂ ಎತ್ತಿರಲಿಲ್ಲ, ಗಂಟು ಬಿಗಿಯುತ್ತಲೇ ಇದ್ದಳು.

“ಎಲ್ಲಿಗೆ?” ಎಂದೆ.

“ಮನೆಗೆ. ಇನ್ನೆಲ್ಲಿಗೆ? ನಮ್ಮಣ್ಣ ಬಂದು ಬೋಲ್ಟು ಬಿಚ್ಚಿಕೊಟ್ಟ.” ದಾರವನ್ನು ಕತ್ತರಿಸಿ ಮುಂದುವರಿಸಿದಳು. “ಇವರು ಊರೋರನ್ನೆಲ್ಲ ಅದರಲ್ಲಿ ಕೂರಿಸ್ತಾರೆ, ತಾವು ಮಾತ್ರ ನಿಂತೇ ಇರ್ತಾರೆ. ರಾತ್ರಿ ಮನೆಗೆ ಬಂದ್ರೆ ಕಾಲು ಈ ದಿಂಬಿನ ಹಾಗೆ ಊದಿರುತ್ತೆ. ಒಂದಿನ ರಜಾ ಹಾಕಿ ಅಂದ್ರೆ ಕೇಳಲ್ಲ, ಕುರ್ಚಿ ಕಾಯ್ತಿರುತ್ತೆ ಅಂತಾರೆ. ಸರಿ, ಕುರ್ಚಿನೇ ಮನೆಗೆ ತಂದೆ. ಅದರಲ್ಲಿ ಇವರನ್ನ ಕೂರಿಸಿದೆ.”

“ಹಾಗಾದ್ರೆ ಅವನಿಗೆ ಗೊತ್ತಿತ್ತಾ?” ಎಂದರು ಕಾಂಪೌಂಡರು. “ಕಂಪ್ಲೇಂಟ್ ಕೊಟ್ಟೋನೇ ಅವನಲ್ವಾ?”

“ಬೆಳಗ್ಗೆ ಕಂಪ್ಲೇಂಟ್ ಕೊಟ್ಟಾಗ ಗೊತ್ತಿರಲಿಲ್ಲ. ಸಾಯಂಕಾಲ ಮನೆಗೆ ಬಂದು ನೋಡಿದ್ರು. ಬೈಯೋಕೆ ಬಾಯಿ ತೆಗೆದ್ರು, ಒಂದ್ಸಲ ಕೂತು ನೋಡಿ ಅಂದೆ. ಕೂತ್ರು. ಆಮೇಲೆ ಯಾರಿಗೂ ಹೇಳ್ಬೇಡ ಕಣೇ ಅಂದ್ರು.”

ಕಂಬಕ್ಕೆ ಒರಗಿ ನಿಂತಿದ್ದ ಕಟಿಂಗ್ ಶಾಪಿನವನು ಗಾಬರಿಯಾದ. “ಏಯ್, ನಾನ್ಯಾವಾಗ ಅಂದೆ?”

“ಪುಸ್ತಕದಲ್ಲಿ ಅಂದ್ರಿ,” ಎಂದಳು ಮೆಲ್ಲಕ್ಕ.

ನಾದಿನಿ ಕುಳಿತಲ್ಲೇ ಕೈ ತಟ್ಟಿದಳು. “ಅಣ್ಣಾ! ಅದಕ್ಕೇನಾ? ಕಂಪ್ಲೇಂಟ್ ಕೊಡೋಕೆ ಕಾಲೆಳ್ಕೊಂಡು ಬಂದೋನು ನಾಯಿ ಹಿಂದೆ ಸಂತೆ ಪೂರ್ತಿ ಓಡಿದ್ನಲ್ಲ! ನಾನು ಅವತ್ತೇ ಅಂದ್ಕೊಂಡೆ, ಇದೇನಪ್ಪಾ ಕಾಲು ಇದ್ದಕ್ಕಿದ್ದ ಹಾಗೆ ವಾಸಿಯಾಯ್ತು ಅಂತ.”

ಇವರ ಮುಖ ನೋಡಿದೆ. ಕಾಲೆಳೆದುಕೊಂಡು ಬಂದನೆಂದು ಬರೆದದ್ದು ಇವರಿಗೆ ಆಮೇಲೆ ಮರೆತೇಹೋಗಿತ್ತು ಎಂಬುದು ಆ ಮುಖದ ಮೇಲೆ ಸ್ಪಷ್ಟವಾಗಿ ಬರೆದಿತ್ತು. ಅದನ್ನು ಒಪ್ಪಿಕೊಳ್ಳಲು ಬಾಯಿ ತೆರೆಯುತ್ತಿದ್ದರು, ಪುಣ್ಯಾತ್ಮ. ನಾನು ಕಣ್ಣಲ್ಲೇ ಗದರಿದೆ.

“ಅದೇ... ಸುಳಿವು,” ಎಂದರು ಇವರು.

ಆಮೇಲಿನ ಗಲಾಟೆ ಏನು ಹೇಳಲಿ! ಜನ ದಿಂಬು ಎಸೆದಾಡಿದರು. “ನಮ್ಮ ಕಣ್ಣೆದುರಿಗೇ ಇತ್ತಲ್ಲ, ಎಂಥಾ ತಲೆ ಮೈಕಣ್ಣಂದು!” ಎಂದು ಕಾಂಪೌಂಡರು ಇವರನ್ನು ತಬ್ಬಿಕೊಂಡರು, ಕಳ್ಳನಾಗುವ ಆಸೆ ಕೈತಪ್ಪಿದ್ದು ಅವರಿಗೆ ನೆನಪೂ ಇರಲಿಲ್ಲ. ಬೇಕರಿಯವನು ಒಂದು ಗಳಿಗೆ ಸಪ್ಪಗಾಗಿ, ಆಮೇಲೆ ತಂದಿದ್ದ ಬನ್ನನ್ನು ಎಲ್ಲರಿಗೂ ಹಂಚಿದ. ಕಟಿಂಗ್ ಶಾಪಿನವನು ಜನರ ನಡುವೆ ದಾರಿ ಮಾಡಿಕೊಂಡು ಹೆಂಡತಿಯ ಹತ್ತಿರ ಬಂದ. “ನಿಜವಾಗ್ಲೂ ಹಂಗೆ ಮಾಡ್ತಿದ್ಯಾ?” ಎಂದ.

“ಬೋಲ್ಟು ತುಕ್ಕು ಹಿಡಿದಿದೆ. ಇಲ್ಲಾಂದ್ರೆ ಯಾವತ್ತೋ ಮಾಡಿರ್ತಿದ್ದೆ,” ಎಂದಳು ಮೆಲ್ಲಕ್ಕ. ಅವನು ಅವಳ ಪಕ್ಕದಲ್ಲಿ ಹಾಸಿಗೆಯ ಅಂಚಿಗೆ ಕಾಲು ಚಾಚಿ ಕೂತುಬಿಟ್ಟ. ಅವನು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೊಲಿಗೆ ಹಾಕಿದ ಜಾಗ ತುಳಿಯುತ್ತಿದ್ದರೂ ಬಾಯಿ ಬಿಡಲು ನನಗೆ ಮನಸ್ಸಾಗಲಿಲ್ಲ.

ಎಲ್ಲರೂ ಹೋದ ಮೇಲೆ ಅಂಗಡಿಯಲ್ಲಿ ಇವರು, ನಾನು, ನೆಲದ ತುಂಬ ಬನ್ನಿನ ಚೂರು. ಇವರು ಖುಷಿಯಲ್ಲಿ ತೇಲುತ್ತಿದ್ದರು. “ನೋಡಿದ್ಯಾ, ಹೆಂಗೆ ದಿಂಬು ಎಸೆದಾಡಿದ್ರು!” ಎನ್ನುತ್ತ ಕಾಗದಗಳನ್ನು ಹೆಕ್ಕುತ್ತಿದ್ದರು. ನಾನು ಪೊರಕೆ ಹಿಡಿದು ನಿಂತೇ ಇದ್ದೆ. ಇನ್ನು ತಡೆದುಕೊಳ್ಳುವುದು ನನ್ನಿಂದಾಗಲಿಲ್ಲ.

“ಊರಿಗೆಲ್ಲ ಜಾಗ ಕೊಟ್ರಿ,” ಎಂದೆ. “ನಾಯಿಗೆ ಎರಡು ಅಧ್ಯಾಯ ಕೊಟ್ರಿ. ನಂಗೆ ಒಂದು ಸಾಲು ಕೊಡೋಕಾಗ್ಲಿಲ್ವಾ ನಿಮಗೆ?” ಗಟ್ಟಿಯಾಗಿ ಕೇಳಬೇಕೆಂದುಕೊಂಡಿದ್ದೆ. ಪಿಸುಮಾತಾಯಿತು.

ಇವರು ಕಾಗದ ಬಿಟ್ಟು ನೆಟ್ಟಗಾದರು.

“ಮೊದಲು ಬರೆದಿದ್ದೇ ನಿನ್ನನ್ನ,” ಎಂದರು.

“ಸುಳ್ಳು ಹೇಳ್ಬೇಡಿ.”

“ನಿನ್ನಾಣೆ. ಮೊದಲನೇ ಪುಟ. ಕುರ್ಚಿ ಕಾಣ್ತಿಲ್ಲ ಅಂತ ಎಲ್ಲರೂ ಗುಂಪು ಸೇರಿದಾರೆ. ನೀನು ಬಂದೆ, ಸೊಂಟಕ್ಕೆ ಸೆರಗು ಸಿಕ್ಕಿಸ್ಕೊಂಡು. ಬೀಗ ನೋಡಿದೆ. ನೆಲ ನೋಡಿದೆ. ಕತ್ತು ಹೀಗೆ ತಿರುಗಿಸಿ ಏನೋ ಕೇಳೋಕೆ ಬಾಯಿ ತೆಗೆದೆ. ನಾನು ಪೆನ್ನು ಕೆಳಗಿಟ್ಟೆ. ನೀನೇನು ಕೇಳ್ತೀಯೋ ನಂಗೆ ಗೊತ್ತಿರಲಿಲ್ಲ. ಆದ್ರೆ ನೀನು ಬಾಯಿ ತೆಗೆದ ಮೇಲೆ ಆ ಕತೆ ಎರಡನೇ ಪುಟಕ್ಕೆ ಹೋಗಲ್ಲ ಅಂತ ಮಾತ್ರ ಗೊತ್ತಿತ್ತು. ಅದಕ್ಕೇ ನಿನ್ನನ್ನ ತವರಿಗೆ ಕಳಿಸಿಬಿಟ್ಟೆ.”

“ಎಲ್ಲಿಗೆ?”

“ತವರಿಗೆ. ಕತೇಲಿ.”

ನನ್ನ ತವರಲ್ಲಿ ಈಗಿರುವುದು ಒಬ್ಬ ತಮ್ಮ. ಅವನ ಮನೆಯಲ್ಲಿ ನಾನು ಒಂದು ಹಗಲು ನಿಂತರೆ ಹೆಚ್ಚು. “ಕತೆ ಮುಗಿಯೋವರೆಗೂ ಅಲ್ಲೇ ಬಿಟ್ರಾ ನನ್ನ?” ಎಂದೆ.

“ಹೂಂ. ಅಲ್ಲಿಂದಲೇ ಎಲ್ಲ ಕೆಟ್ಟಿದ್ದು.” ಇವರು ದಿಂಬಿನ ರಾಶಿಯ ಮೇಲೆ ಕುಸಿದು ಕೂತರು. “ನಿನ್ನನ್ನ ಕಳಿಸಿದ ಮೇಲೆ ಬೇರೆಯವರ ಹೆಂಡತೀರನ್ನ ಬರೆಯೋಕೆ ಹೋದ್ರೆ ಹೊಟ್ಟೆ ಉರೀತಿತ್ತು ಕಣೇ. ಅವರಿಗೆಲ್ಲ ಮನೇಲಿ ಜನ ಇದಾರೆ, ನಂಗೊಬ್ಬನಿಗೇ ಯಾರೂ ಇಲ್ಲ ಅಂತ. ಯಾರ ಮನೆ ಒಳಗೂ ಹೋಗಲಿಲ್ಲ, ಬೀದೀಲೇ ಸುತ್ತಿದೆ. ಆ ಇನ್ಸ್‌ಪೆಕ್ಟರನ್ನ ಏಳು ಅಂತೀನಿ, ಏಳಲ್ಲ. ಟೀ ಕುಡೀತಾನೆ, ಸುಮ್ನೆ ಕೂರ್ತಾನೆ. ಕತೆ ನಿಧಾನ ನಿಧಾನ ಅಂತ ನೀವೆಲ್ಲ ನಕ್ಕಿರಿ. ನೀನಿಲ್ಲದ ಊರಲ್ಲಿ ಯಾವ ಕೆಲಸ ತಾನೇ ಮುಗಿಯುತ್ತೆ, ಹೇಳು?”

ನನಗೆ ಅಳು ಬಂತು. ಪೊರಕೆ ಹಿಡಿದುಕೊಂಡೇ ಅತ್ತೆ, ನಗುವೂ ಬಂತು, ಎರಡೂ ಒಟ್ಟಿಗೆ ಬಂದು ಬಿಕ್ಕಳಿಕೆ ಹತ್ತಿತು. ಇಷ್ಟು ವರ್ಷಗಳಲ್ಲಿ ಇವರು ನನಗೆ ಇಷ್ಟು ದೊಡ್ಡ ಮಾತು ಹೇಳಿದ್ದೇ ಇಲ್ಲ. ನನಗಾದ ಸಂತೋಷವನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಪೊರಕೆಯನ್ನು ಮಾತ್ರ ಮೂಲೆಗಿಟ್ಟೆ.

“ಪೆನ್ನು ತಗೊಳ್ಳಿ,” ಎಂದೆ.

“ಈಗಲೇನಾ?”

“ಈಗಲೇ. ಕೊನೇ ಅಧ್ಯಾಯ ಇನ್ನೂ ಬಾಕಿ ಇದೆ. ಬರೀರಿ: ಅವಳು ತವರಿಂದ ವಾಪಸ್ ಬಂದಳು.”

ಇವರು ತೊಡೆಯ ಮೇಲೆ ಒಂದು ದಿಂಬು, ದಿಂಬಿನ ಮೇಲೆ ಕಾಗದ ಇಟ್ಟುಕೊಂಡು ಬರೆದರು. ನಾನು ಪಕ್ಕದಲ್ಲಿ ಕೂತು ಇಣುಕಿದೆ. ಬರೆದಿದ್ದರು, ನಾನು ಬಂದಿದ್ದೆ.

“ಬಂದು? ಕುರ್ಚಿ ಎಲ್ಲಿ ಅಂತ ಹೇಳಿದಳು ಅಂತ ಬರೀಲಾ?” ಎಂದರು ಇವರು.

“ಅಷ್ಟು ಅವಸರ ಏನು? ಮೊದಲು ಗಂಡನ್ನ ಚೆನ್ನಾಗಿ ಬೈದಳು ಅಂತ ಬರೀರಿ.”

ಬರೆದರು. ಬೈಗುಳಕ್ಕೇ ನಾಲ್ಕು ಪುಟ ಹಿಡಿಯಿತು. ಇವರು ಒಂದೆರಡು ಮಾತು ಹೊಡೆದುಹಾಕಲು ನೋಡಿದರು, ನಾನು ಒಂದಕ್ಷರವನ್ನೂ ಬಿಡಲು ಒಪ್ಪಲಿಲ್ಲ.